ಮಡಿಕೆಯ ಗೆರೆ

ನಮ್ಮ ಅಬ್ಬಾ ದಫ್ತರಿ ಕೆಲಸ ಮಾಡುತ್ತಿದ್ದರು. ದಫ್ತರಿ ಎಂದರೆ ಕಚೇರಿಯಲ್ಲಿ ಕಡತ ಹೊರುವವನು ಎಂದು ಕೆಲವರು ತಿಳಿಯುತ್ತಾರೆ. ನಮ್ಮ ಮನೆಯ ಮಾತಿನಲ್ಲಿ ಪುಸ್ತಕ ಕಟ್ಟುವವನಿಗೂ ಅದೇ ಹೆಸರು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನದರಲ್ಲಿ ಸಂಸಾರ. ಮುದ್ರಣಾಲಯದಿಂದ ಬಂದ ದೊಡ್ಡ ಹಾಳೆಗಳನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಉರ್ದು ಶಾಲೆ ಬಿಟ್ಟು ಬಂದ ಕೂಡಲೇ ಆಪಾ ಮತ್ತು ನಾವು ಚಾಪೆ ಹಾಸಿಕೊಂಡು ಫಾರಂ ಮಡಿಸಲು ಕೂರುತ್ತಿದ್ದೆವು. ಕನ್ನಡ ಪುಸ್ತಕವಾದರೆ ಬೆನ್ನು ಎಡಕ್ಕೆ, ಉರ್ದು ಪುಸ್ತಕವಾದರೆ ಬಲಕ್ಕೆ. ಎರಡೂ ಒಂದೇ ದಿನ ಬಂದರೆ ಕೈ ತಪ್ಪುತ್ತಿತ್ತು.

ತಪ್ಪಿದಾಗ ಅಬ್ಬಾ ಬೈಯುತ್ತಿರಲಿಲ್ಲ. ಹಾಳೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಅಂಗೈಯಿಂದ ಎಷ್ಟು ಉಜ್ಜಿದರೂ ಮಡಿಕೆಯ ಗೆರೆ ಅಲ್ಲೇ ಇರುತ್ತಿತ್ತು. "ದೇಖೋ, ಅಬ್ ಯೇ ಜಾತಾ ನೈ" ಎನ್ನುತ್ತಿದ್ದರು. ನೋಡಿ, ಇನ್ನು ಇದು ಹೋಗುವುದಿಲ್ಲ.

ಆ ಗೆರೆಯನ್ನು ಅಳಿಸುವುದಕ್ಕಾಗಿ ಜಗತ್ತಿನ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಹೆಣಗುತ್ತಿವೆ ಎಂಬುದು ನಮಗೆ ತಿಳಿದದ್ದು 2025ರ ಮಳೆಗಾಲದಲ್ಲಿ, ಆಪಾಳ ಮಗನಿಂದ. ತಿಳಿದ ರೀತಿ ಮಾತ್ರ ಸುಖದ್ದಲ್ಲ.

ಅವನಿಗೆ ಇಪ್ಪತ್ತನಾಲ್ಕು ವರ್ಷ. ಪಿಯುಸಿ ಮುಗಿದ ಮೇಲೆ ಓದು ಹತ್ತಲಿಲ್ಲ. ಯಾರದೋ ಅಂಗಡಿಯಲ್ಲಿ ಮೂರು ವರ್ಷ ಕೂತು ಮೊಬೈಲ್ ರಿಪೇರಿ ಕಲಿತ. ಈಗ ಬಸ್ ನಿಲ್ದಾಣದ ಹತ್ತಿರ ಒಂದೇ ಬಾಗಿಲಿನ ಸ್ವಂತ ಅಂಗಡಿ. ಒಡೆದ ಪರದೆ, ಉಬ್ಬಿದ ಬ್ಯಾಟರಿ, ನೀರಿಗೆ ಬಿದ್ದ ಫೋನು, ಎಲ್ಲವೂ ಅವನ ಕೈಯಲ್ಲಿ ಮತ್ತೆ ಜೀವ ಪಡೆಯುತ್ತವೆ. ಬಾಡಿಗೆ, ಕರೆಂಟು ಕಳೆದು ತಿಂಗಳಿಗೆ ಹದಿನೈದೋ ಹದಿನಾರೋ ಸಾವಿರ ಉಳಿಯುತ್ತದೆ. ಭಾವ ತೀರಿಕೊಂಡ ಮೇಲೆ ಆಪಾಳ ಮನೆ ನಡೆಯುವುದು ಅದರಿಂದಲೇ.

ಆ ದಿನ ಮಗ್ರಿಬ್ ನಮಾಝ್ ಮುಗಿಸಿ ಮನೆಗೆ ಬಂದಾಗ ಅವನು ಜಗಲಿಯ ಮೇಲೆ ಕೂತಿದ್ದ. ಅಂಗಡಿ ಮುಚ್ಚುವ ಹೊತ್ತಲ್ಲ ಅದು.

"ಮಾಮೂ, ಒಂದು ಫೋನ್ ಹೋಯ್ತು."

"ಕಳವಾಯ್ತೇನೋ?"

"ಇಲ್ಲ ಮಾಮೂ. ನನ್ನ ಕೈಯಲ್ಲೇ ಹೋಯ್ತು."

ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ತೆಗೆದು ಪುಸ್ತಕದಂತೆ ಬಿಚ್ಚಿದ. ಒಳಗೆ ಅಂಗೈ ಅಗಲದ ಪರದೆ. ಅದರ ಎಡಭಾಗ ಕಪ್ಪು. ಬಲಭಾಗದಲ್ಲಿ ಮೇಲಿಂದ ಕೆಳಕ್ಕೆ ಹಸಿರು ಗೆರೆಗಳು. ನಡುವೆ ಮಡಿಕೆಯ ಜಾಗದಲ್ಲಿ ಶಾಯಿ ಚೆಲ್ಲಿದಂಥ ಕಲೆ.

ಫೋನು ಅಡಿಕೆ ಮಂಡಿಯ ಗೌಡರದು. ಮಸ್ಕತ್‌ನಲ್ಲಿರುವ ಮಗ ಮೂರು ವರ್ಷದ ಹಿಂದೆ ತಂದುಕೊಟ್ಟದ್ದು. ಪರದೆಯ ಮೇಲಿನ ತೆಳು ಹಾಳೆ ಮಡಿಕೆಯ ಜಾಗದಲ್ಲಿ ಗುಳ್ಳೆಯಂತೆ ಎದ್ದಿದೆ, ಬೇರೆ ಹಾಕಿಕೊಡು ಎಂದು ಗೌಡರು ಕೊಟ್ಟು ಹೋಗಿದ್ದರು. ಸಾವಿರಾರು ಫೋನುಗಳ ಸ್ಕ್ರೀನ್ ಗಾರ್ಡ್ ತೆಗೆದು ಹಾಕಿದ ಕೈ ಇವನದು. ಬ್ಲೋವರ್‌ನಿಂದ ತುಸು ಬಿಸಿ ಕೊಟ್ಟು, ಮೂಲೆಯಿಂದ ಹಾಳೆ ಎತ್ತಿದ. ಹಾಳೆಯೊಂದಿಗೆ ಪರದೆಯೂ ಹೋಯಿತು.

ಫೋನು ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಮಡಚುವ ಫೋನುಗಳ ಒಳಪರದೆಯ ಮೇಲೆ ಇಂಥದೊಂದು ಹಾಳೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಪರದೆಯ ಮೇಲೆ ಹಾಕಿದ ಹೊದಿಕೆಯಲ್ಲ, ಪರದೆಯದೇ ಚರ್ಮ.

ರಿಪೇರಿಯವರ ಭಾಷೆಯಲ್ಲಿ ಪರದೆ ಮತ್ತು ಟಚ್ ಒಟ್ಟಿಗೆ ಇರುವ ಭಾಗಕ್ಕೆ ಮೊದಲಿಂದಲೂ 'ಫೋಲ್ಡರ್' ಎನ್ನುತ್ತಾರೆ. ಮಡಚುವ ಫೋನು ಬರುವುದಕ್ಕೆ ಮುಂಚಿನ ಮಾತು ಅದು. ಸಾಮಾನ್ಯ ಫೋನಿನ ಫೋಲ್ಡರ್ ಸಾವಿರ, ಎರಡು ಸಾವಿರಕ್ಕೆ ಸಿಗುತ್ತದೆ. ಮಡಚುವ ಫೋನಿನ ಫೋಲ್ಡರ್ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿದರೆ, ಹಳೆಯ ಫೋನಿನಿಂದ ಕಿತ್ತದ್ದು ಸಿಕ್ಕರೂ ಸಿಗಬಹುದು, ಗ್ಯಾರಂಟಿ ಇಲ್ಲ ಎಂಬ ಉತ್ತರ ಬಂತು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಹೇಳಿದ್ದು ನಲವತ್ತಾರು ಸಾವಿರ.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಆಪಾ ಏನೂ ಹೇಳಲಿಲ್ಲ. ಕೈಯ ಎರಡು ಬಳೆಗಳನ್ನು ತೆಗೆದು ತಟ್ಟೆಯಲ್ಲಿಟ್ಟು ನಮ್ಮ ಮುಂದೆ ತಳ್ಳಿದಳು. ಅವನ್ನು ಅವಳ ಕೈಗೇ ತೊಡಿಸಿದೆವು. ನಮ್ಮ ಎರಡನೆಯ ಕಥಾಸಂಕಲನದ ಮುದ್ರಣಕ್ಕೆಂದು ನಾಲ್ಕು ವರ್ಷದಿಂದ ಕೂಡಿಸಿದ ಐವತ್ತು ಸಾವಿರ ಬ್ಯಾಂಕಿನಲ್ಲಿತ್ತು. ಅದನ್ನೇ ಕೊಡುವುದೆಂದು ಆ ರಾತ್ರಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆವು. ಆದರೂ ನಿದ್ದೆ ಬರಲಿಲ್ಲ. ಕಥೆ ಬರೆಯುವವರಿಗೆ ಒಂದು ಕೆಟ್ಟ ಚಾಳಿಯಿದೆ. ಕಷ್ಟ ಬಂದರೆ ಅದರ ಪೂರ್ವಾಪರ ತಿಳಿಯಬೇಕು. ಮುಂದಿನ ಮೂರು ನಾಲ್ಕು ದಿನ ಅಳಿಯ ಮತ್ತು ನಾವು ಸೇರಿ ಈ ಫೋನುಗಳ ಚರಿತ್ರೆ ಹುಡುಕಿ ಓದಿದೆವು.

ಮಡಚುವ ಫೋನು ಹೊಸತೇನಲ್ಲ. ಮೋಟೊರೋಲಾದ ಸ್ಟಾರ್‌ಟ್ಯಾಕ್ 1996ರಲ್ಲೇ ಬಂದಿತ್ತು. ಆಗ ಮಡಚುತ್ತಿದ್ದುದು ಫೋನು, ಪರದೆಯಲ್ಲ. ಪರದೆಯೇ ಮಡಚಬೇಕು ಎಂಬ ಆಸೆಯನ್ನು ಸ್ಯಾಮ್‌ಸಂಗ್ 2013ರ ಜನವರಿಯಲ್ಲಿ, ಲಾಸ್ ವೇಗಸ್‌ನ ಮೇಳದಲ್ಲಿ, 'ಯೂಮ್' ಎಂಬ ಹೆಸರಿನ ಬಾಗುವ ಪರದೆ ತೋರಿಸಿ ಹೊತ್ತಿಸಿತು. ಆದರೆ ಮಾರಾಟಕ್ಕೆ ಬಿಡುವಷ್ಟರಲ್ಲಿ ಇನ್ನೊಬ್ಬರು ಮುಂದೆ ಹೋದರು. ಚೀನಾದ ಶೆನ್‌ಝೆನ್‌ನ ರೊಯೋಲ್ ಎಂಬ ಹೊಸ ಕಂಪನಿ 2018ರ ಅಕ್ಟೋಬರ್ ಕೊನೆಯಲ್ಲಿ 'ಫ್ಲೆಕ್ಸ್‌ಪಾಯ್' ಎಂಬ ಫೋನನ್ನು ಹೊರತಂದಿತು. ಮಾರುಕಟ್ಟೆಗೆ ಬಂದ ಮೊದಲ ಮಡಚುವ ಪರದೆಯ ಫೋನು ಅದು. ಮಡಚಿದರೂ ನಡುವೆ ಬೆರಳು ತೂರುವಷ್ಟು ಸಂದು. ಆದರೂ ಮೊದಲನೆಯದು ಮೊದಲನೆಯದೇ. ಆ ಕಂಪನಿ 2024ರಲ್ಲಿ ದಿವಾಳಿಯಾಯಿತು. ಮೊದಲು ಓಡಿದವನು ಗುರಿ ಮುಟ್ಟಲಿಲ್ಲ.

ದೊಡ್ಡವರ ಪೈಪೋಟಿ ಶುರುವಾದದ್ದು 2019ರ ಫೆಬ್ರವರಿಯಲ್ಲಿ. 20ನೇ ತಾರೀಕು ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಫೋಲ್ಡ್ ತೋರಿಸಿತು. ಬೆಲೆ 1,980 ಡಾಲರ್. ನಾಲ್ಕೇ ದಿನದಲ್ಲಿ ಬಾರ್ಸಿಲೋನಾದಲ್ಲಿ ಹುವಾವೇ ತನ್ನ ಮೇಟ್ ಎಕ್ಸ್ ತೋರಿಸಿತು. ಬೆಲೆ 2,299 ಯೂರೋ. ಸ್ಯಾಮ್‌ಸಂಗ್‌ನದು ಪುಸ್ತಕದಂತೆ ಒಳಕ್ಕೆ ಮಡಚುವುದು, ಹುವಾವೇಯದು ಪರದೆ ಹೊರಗೇ ಇರುವಂತೆ ಹಿಂದಕ್ಕೆ ಮಡಚುವುದು. ಒಳಕ್ಕೆ ಮಡಚಿದರೆ ಪರದೆಗೆ ರಕ್ಷಣೆ, ಆದರೆ ಮಡಿಕೆ ತೀರಾ ಇಕ್ಕಟ್ಟು, ಗೆರೆ ಆಳ. ಹೊರಕ್ಕೆ ಮಡಚಿದರೆ ಗೆರೆ ಕಡಿಮೆ, ಆದರೆ ಕಿಸೆಯಲ್ಲಿನ ಬೀಗದ ಕೈ ಗೀರಿದರೂ ಪರದೆಗೇ ಪೆಟ್ಟು. ಕಾಲ ಕಳೆದಂತೆ ಹೆಚ್ಚಿನವರು ಒಳಕ್ಕೆ ಮಡಚುವ ದಾರಿಯನ್ನೇ ಹಿಡಿದರು.

ಆ ವರ್ಷದ ಏಪ್ರಿಲ್‌ನಲ್ಲಿ ನಡೆದ ಸಂಗತಿಯನ್ನು ಓದುವಾಗ ಅಳಿಯ ಕುರ್ಚಿಯಿಂದ ಎದ್ದು ನಿಂತ. ಗ್ಯಾಲಕ್ಸಿ ಫೋಲ್ಡ್ ಮಾರಾಟಕ್ಕೆ ಬರುವ ಕೆಲವು ದಿನ ಮೊದಲು ಅಮೆರಿಕದ ಪತ್ರಕರ್ತರಿಗೆ ಪರೀಕ್ಷೆಗೆಂದು ಕೊಟ್ಟಿದ್ದರು. ಒಂದೆರಡು ದಿನದಲ್ಲೇ ಕೆಲವು ಫೋನುಗಳ ಪರದೆ ಕೆಟ್ಟವು. ಕೆಲವರು ಮೇಲಿನ ಹಾಳೆಯನ್ನು ಸಾಮಾನ್ಯ ಸ್ಕ್ರೀನ್ ಗಾರ್ಡ್ ಎಂದು ತಿಳಿದು ಕಿತ್ತಿದ್ದರು. ಇನ್ನು ಕೆಲವರು ಏನೂ ಮಾಡದಿದ್ದರೂ ಪರದೆ ಹೋಗಿತ್ತು. ಸ್ಯಾಮ್‌ಸಂಗ್ ಏಪ್ರಿಲ್ 26ರ ಬಿಡುಗಡೆಯನ್ನು ಮುಂದೂಡಿತು. ಹಾಳೆಯ ಅಂಚನ್ನು ಚೌಕಟ್ಟಿನ ಒಳಕ್ಕೆ ಸೇರಿಸಿ, ತಿರುಗಣೆಯ ತುದಿಗಳಿಗೆ ಮುಚ್ಚಳ ಕೊಟ್ಟು, ಸೆಪ್ಟೆಂಬರ್‌ನಲ್ಲಿ ಮಾರಾಟಕ್ಕೆ ಬಿಟ್ಟಿತು. ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ ಬೆಲೆ 1,64,999 ರೂಪಾಯಿ.

"ನೋಡಿ ಮಾಮೂ, ಅವ್ರೂ ಕಿತ್ತಿದ್ದಾರೆ. ಬರೆಯೋರು, ಓದಿದೋರು" ಎಂದ.

ಅವನ ಮುಖದಲ್ಲಿ ನಾಲ್ಕು ದಿನದ ಮೇಲೆ ಮೊದಲ ಸಲ ರಕ್ತ ಕಂಡಿತು. ಅವರು ಕಿತ್ತಾಗ ಕಂಪನಿ ಐದು ತಿಂಗಳು ಕೂತು ಫೋನನ್ನೇ ತಿದ್ದಿತು. ಇವನು ಕಿತ್ತಾಗ ನಲವತ್ತಾರು ಸಾವಿರ ಇವನ ತಲೆಗೆ. ಅದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ.

ಅಲ್ಲಿಂದ ಮುಂದೆ ಪೈಪೋಟಿಗೆ ವೇಗ ಬಂತು. 2020ರ ಫೆಬ್ರವರಿಯಲ್ಲಿ ಮೋಟೊರೋಲಾ ತನ್ನ ಹಳೆಯ ರೇಜರ್ ಹೆಸರಿನಲ್ಲಿ ಡಬ್ಬಿಯಂತೆ ಮಡಚುವ ಫೋನು ಮಾರತೊಡಗಿತು. ಅದೇ ತಿಂಗಳು ಸ್ಯಾಮ್‌ಸಂಗ್‌ನ ಜೆಡ್ ಫ್ಲಿಪ್ ಬಂತು. ಅದರಲ್ಲಿ ಮೊದಲ ಸಲ ಪ್ಲಾಸ್ಟಿಕ್ ಪದರದ ಬದಲು ಗಾಜು. ಎಷ್ಟು ತೆಳು ಎಂದರೆ 30 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ಅಷ್ಟು ತೆಳುವಾದರೆ ಗಾಜೂ ಬಾಗುತ್ತದೆ. 2021ರಲ್ಲಿ ನೀರು ತಾಳುವ ಮಡಚುವ ಫೋನು ಬಂತು. ಅದೇ ವರ್ಷದ ಕೊನೆಯಲ್ಲಿ ಒಪ್ಪೋ, 2023ರಲ್ಲಿ ಗೂಗಲ್, ಒನ್‌ಪ್ಲಸ್ ಕಣಕ್ಕಿಳಿದವು. 2023ರಲ್ಲೇ ಟೆಕ್ನೋ ಎಂಬ ಕಂಪನಿ ಭಾರತದಲ್ಲಿ ದೊಡ್ಡ ಮಡಚುವ ಫೋನನ್ನು 88,888 ರೂಪಾಯಿಗೆ ಇಳಿಸಿತು. ಪೈಪೋಟಿ ಇಲ್ಲದಿದ್ದರೆ ಇಂಥದಕ್ಕೆ ಇನ್ನೂ ಎಷ್ಟು ವರ್ಷ ಕಾಯಬೇಕಿತ್ತೋ. ಅಷ್ಟನ್ನು ನಾವು ಒಪ್ಪಲೇಬೇಕು.

ಇದರ ನಡುವೆ ರಾಜಕೀಯವೂ ಸೇರಿಕೊಂಡಿತು. 2019ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಹುವಾವೇ ಮೇಲೆ ನಿರ್ಬಂಧ ಹೇರಿದ್ದರಿಂದ ಅದರ ಹೊಸ ಫೋನುಗಳಿಗೆ ಗೂಗಲ್‌ನ ಸೇವೆಗಳು ಇಲ್ಲವಾದವು. ಹೊರದೇಶದ ಮಾರುಕಟ್ಟೆ ಕುಸಿಯಿತು. ಕಂಪನಿ ತನ್ನ ನಾಡಿನ ಗಿರಾಕಿಗಳನ್ನೇ ನೆಚ್ಚಿಕೊಂಡಿತು. ಹಾಗಿದ್ದೂ 2024ರ ಮೊದಲ ಮೂರು ತಿಂಗಳಲ್ಲಿ ಮಡಚುವ ಫೋನುಗಳ ಮಾರಾಟದಲ್ಲಿ ಅದು ಸ್ಯಾಮ್‌ಸಂಗನ್ನು ಹಿಂದಿಕ್ಕಿತೆಂದು ಕೌಂಟರ್‌ಪಾಯಿಂಟ್ ಎಂಬ ಮಾರುಕಟ್ಟೆ ಸಮೀಕ್ಷೆಯ ಸಂಸ್ಥೆ ಲೆಕ್ಕ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು, ಆಪಲ್ ತನ್ನ ಐಫೋನ್ 16 ತೋರಿಸಿದ ಬೆನ್ನಿಗೇ, ಹುವಾವೇ ಮೂರು ಮಡಿಕೆಯ ಮೇಟ್ ಎಕ್ಸ್‌ಟಿ ಹೊರತಂದಿತು. ಬೆಲೆ 19,999 ಯುವಾನ್, ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ಮೂವತ್ತು ಸಾವಿರದ ಹತ್ತಿರ. 2025ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್ ಕೂಡ ಕೊರಿಯಾದಲ್ಲಿ ಮೂರು ಮಡಿಕೆಯ ಫೋನು ಮಾರಾಟಕ್ಕೆ ಬಿಟ್ಟಿತು. ಆಪಲ್ ಆ ವರ್ಷದ ಕೊನೆಯವರೆಗೂ ಒಂದೇ ಒಂದು ಮಡಚುವ ಫೋನನ್ನು ಮಾರಿರಲಿಲ್ಲ. ಉಳಿದವರು ಎಡವಿದ್ದನ್ನು ನೋಡುತ್ತ ದಡದಲ್ಲಿ ನಿಂತಿತ್ತು.

ಇವರು ಯಾವುದಕ್ಕೆ ಪೈಪೋಟಿ ಮಾಡುತ್ತಾರೆ ಎಂದು ಅಳಿಯನನ್ನು ಕೇಳಿದೆವು. "ತೆಳು ಮಾಮೂ, ತೆಳು" ಎಂದ. ಮೊದಲ ಗ್ಯಾಲಕ್ಸಿ ಫೋಲ್ಡ್ ಮಡಚಿದಾಗ ತಿರುಗಣೆಯ ಕಡೆ 17 ಮಿಲಿಮೀಟರ್ ದಪ್ಪ. 2023ರಲ್ಲಿ ಆನರ್ ಕಂಪನಿ 9.9ಕ್ಕೆ ಇಳಿಸಿತು. 2024ರಲ್ಲಿ ಅದೇ 9.2ಕ್ಕೆ ತಂದಿತು. 2025ರ ಫೆಬ್ರವರಿಯಲ್ಲಿ ಒಪ್ಪೋ 8.93. ಜುಲೈ ಮೊದಲ ವಾರ ಆನರ್ 8.8. ಮರುವಾರ ಸ್ಯಾಮ್‌ಸಂಗ್‌ನ ಫೋಲ್ಡ್ 7 ಬಂತು, 8.9. ಕೂದಲಿನ ದಪ್ಪದಷ್ಟು ಅಂತರಕ್ಕೆ ಒಬ್ಬ ಗೆದ್ದೆ ಎನ್ನುತ್ತಾನೆ, ಇನ್ನೊಬ್ಬ ಸೋಲುತ್ತಾನೆ. ಇಷ್ಟೆಲ್ಲ ಆದರೂ ಜಗತ್ತಿನಲ್ಲಿ ಮಾರಾಟವಾಗುವ ನೂರು ಸ್ಮಾರ್ಟ್‌ಫೋನುಗಳಲ್ಲಿ ಮಡಚುವಂಥವು ಎರಡರ ಆಸುಪಾಸು. ಆ ಎರಡರಲ್ಲಿ ಒಂದು ನಮ್ಮ ಹುಡುಗನ ಮೇಜಿಗೇ ಬರಬೇಕಿತ್ತು.

ಗೆರೆಯ ವಿಷಯ ಮಾತ್ರ ನಮಗೆ ಚೆನ್ನಾಗಿ ಅರ್ಥವಾಯಿತು. ಫಾರಂ ಮಡಿಸಿದಾಗ ಒಳಗಿನ ಹಾಳೆ ಹೊರಗಿನದಕ್ಕಿಂತ ತುಸು ಮುಂದೆ ಚಾಚಿಕೊಳ್ಳುತ್ತದೆ. ಹೊರಗಿನ ಹಾಳೆ ಸುತ್ತಿ ಬರಬೇಕಾದ ದಾರಿ ಉದ್ದ, ಒಳಗಿನದರ ದಾರಿ ಗಿಡ್ಡ. ಅಬ್ಬಾ ಕೊನೆಗೆ ಅಂಚು ಕತ್ತರಿಸಿ ಸಮ ಮಾಡುತ್ತಿದ್ದರು. ಫೋನಿನ ಪರದೆಯೂ ಒಂದೇ ಹಾಳೆಯಲ್ಲ. ಬೆಳಕು ಕೊಡುವ ಪದರ, ಬೆರಳು ಮುಟ್ಟಿದ್ದನ್ನು ತಿಳಿಯುವ ಪದರ, ಗಾಜು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ನಡುನಡುವೆ ಅಂಟು. ಇಲ್ಲಿ ಅಂಚು ಕತ್ತರಿಸುವಂತಿಲ್ಲ. ಮಡಚಿದಾಗ ಪದರಗಳು ಒಂದರ ಮೇಲೊಂದು ಚೂರೇ ಚೂರು ಜಾರಬೇಕು, ಬಿಚ್ಚಿದಾಗ ಮತ್ತೆ ತಮ್ಮ ಜಾಗಕ್ಕೆ ಬರಬೇಕು. ಅಂಟು ಅದಕ್ಕೆ ತಕ್ಕಷ್ಟು ಮೆತ್ತಗಿರಬೇಕು. ತಿರುಗಣೆಯ ಒಳಗೆ ಪರದೆ ಚೂಪಾಗಿ ಮಡಿಯದೆ, ನೀರಿನ ಹನಿಯ ಆಕಾರದಲ್ಲಿ ಡೊಂಕಾಗಿ ಕೂರುವಂತೆ ಜಾಗ ಬಿಡುವ ಉಪಾಯವೂ ಬಂದಿದೆ. ಇದರಿಂದ ಗೆರೆ ಬಹಳ ಕಡಿಮೆಯಾಗಿದೆ. ಪೂರ್ತಿ ಹೋಗಿದೆ ಎನ್ನುವವರ ಮಾತು ಕೇಳಿದರೆ ಅಬ್ಬಾ ನಗುತ್ತಿದ್ದರೋ ಏನೋ.

ಈ ವಿದ್ಯೆಯನ್ನು ಕಂಪನಿಗಳು ಎಷ್ಟು ಜೋಪಾನ ಮಾಡುತ್ತವೆ ಎಂಬುದಕ್ಕೆ ಒಂದು ಮೊಕದ್ದಮೆಯೇ ಇದೆ. ಪರದೆ ಬಾಗಿಸಿ ಅಂಟಿಸುವ ಸ್ಯಾಮ್‌ಸಂಗ್‌ನ ತಂತ್ರವನ್ನು ಚೀನಾದ ಕಂಪನಿಗೆ ಮಾರಿದರೆಂದು, ಅದಕ್ಕೆ ಯಂತ್ರ ಒದಗಿಸುತ್ತಿದ್ದ ಸಂಸ್ಥೆಯ ಮುಖ್ಯಸ್ಥ ಸೇರಿ 11 ಮಂದಿಯ ಮೇಲೆ 2018ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸರಕಾರಿ ವಕೀಲರು ಆರೋಪಪಟ್ಟಿ ಹಾಕಿದರು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯಬಾರದು, ಸರಿ. ಆದರೆ ಕೆಟ್ಟದ್ದನ್ನು ಸರಿಮಾಡುವವನಿಗೂ ತಿಳಿಯಬಾರದೆ? ಹಾಳೆ ಕೀಳಬೇಡಿ ಎಂದು ಹೊಸ ಫೋನಿನ ಡಬ್ಬಿಯಲ್ಲಿ ಎಚ್ಚರಿಕೆ ಇರುತ್ತದೆ. ಮೂರು ವರ್ಷದ ಮೇಲೆ ಬಸ್ ನಿಲ್ದಾಣದ ಅಂಗಡಿಗೆ ಫೋನು ಬರುವಾಗ ಡಬ್ಬಿ ಜೊತೆಗೆ ಬರುವುದಿಲ್ಲ.

ವಾರ ಕಳೆದ ಮೇಲೆ ಅಳಿಯನನ್ನು ಕರೆದುಕೊಂಡು ಮಂಡಿಗೆ ಹೋದೆವು. ಸಣ್ಣಗೆ ಮಳೆ. ಒಳಗೆ ಅಡಿಕೆ ಚೀಲಗಳ ನಡುವೆ ಗೌಡರು ಲೆಕ್ಕ ಬರೆಯುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಕಿಸೆಯಲ್ಲಿ ಹಳೆಯ ಬಟನ್ ಫೋನು.

"ಬನ್ನಿ ಸಾಬ್ರೇ, ಕೂತ್ಕೊಳ್ಳಿ. ಕಾಫೀನಾ, ಟೀನಾ?"

ಅಮೆರಿಕದ ಪತ್ರಕರ್ತರ ಕತೆ, ಗಾಜಿನ ತೆಳುವು, ಎಲ್ಲವನ್ನೂ ಸೇರಿಸಿ ಒಂದು ಭಾಷಣ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆವು. ಹುಡುಗನ ತಪ್ಪು ಅಷ್ಟೇನೂ ದೊಡ್ಡದಲ್ಲ ಎಂದು ತೋರಿಸಿ, ಹಣ ಸ್ವಲ್ಪ ಕಡಿಮೆ ಮಾಡಿಸಿಕೊಳ್ಳಬೇಕೆಂಬ ಲೆಕ್ಕವೂ ಇತ್ತು. ಗೌಡರ ಮುಖ ನೋಡಿದ ಮೇಲೆ ಆ ಜಾಣತನ ಹೊರಬರಲಿಲ್ಲ.

"ಗೌಡ್ರೇ, ಹುಡುಗನ ಕೈಯಲ್ಲಿ ತಪ್ಪಾಗಿದೆ. ಸರ್ವೀಸ್ ಸೆಂಟರಿನಲ್ಲಿ ನಲವತ್ತಾರು ಸಾವಿರ ಹೇಳಿದ್ದಾರೆ. ನಾವು ಕಟ್ತೀವಿ. ಎರಡು ಕಂತಿಗೆ ಅವಕಾಶ ಕೊಟ್ಟರೆ ಉಪಕಾರ ಆಗುತ್ತೆ."

ಗೌಡರು ಲೇಖನಿಯ ಮುಚ್ಚಳ ಹಾಕಿದರು. ಹುಡುಗನನ್ನು ನೋಡಿದರು. ಅವನು ತಲೆ ತಗ್ಗಿಸಿದ್ದ.

"ನೀನು ನನ್ನ ಒಂದು ಮಾತು ಕೇಳಬೇಕಿತ್ತಪ್ಪ" ಎಂದರು. "ಇದನ್ನ ನೀವೇನಾದ್ರೂ ಕಿತ್ತಿದ್ರಾ ಅಂತ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ನಮಗೆ ಅರ್ಥವಾಗಲಿಲ್ಲ.

"ಭಾನುವಾರ ಅದರಲ್ಲಿ ಪೇಪರ್ ಓದ್ತಾ ಕೂತಿದ್ದೆ ಸಾಬ್ರೇ. ನಡುವೆ ಗುಳ್ಳೆ ಎದ್ದಿತ್ತು. ಕಣ್ಣಿಗೆ ಕಸ ಬಿದ್ದ ಹಾಗೆ, ಸುಮ್ಮನಿರೋಕಾಗಲ್ಲ. ಉಗುರು ಹಾಕಿ ಎಳೆದೆ. ಒಂದಿಂಚು ಬಂತು. ಆಗ್ಲೇ ಒಂದು ಹಸಿರು ಗೆರೆ ಪಳ್ ಅಂತ ಮಿಂಚಿ ಹೋಯ್ತು. ಹೆದರಿ ಮತ್ತೆ ಒತ್ತಿ ಅಂಟಿಸ್ದೆ. ಮಾರನೇ ದಿನ ಇವನ ಹತ್ರ ತಂದೆ. ಈ ವಾರ ಎಲ್ಲ ನನಗೂ ಅನ್ನ ರುಚಿಸಿಲ್ಲ. ಅರ್ಧ ನಂದು, ಅರ್ಧ ಅವನದು. ಅಲ್ಲಿಗೆ ಮುಗೀತು."

ಅವರು ಹೇಳದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ. ಹಣ ಅವರ ಕೈ ಸೇರುತ್ತಿತ್ತು, ಹುಡುಗ ಜೀವನವಿಡೀ ತನ್ನ ಕೈಯನ್ನೇ ಅನುಮಾನಿಸುತ್ತಿದ್ದ. ಏನು ಹೇಳಬೇಕೆಂದು ತೋಚದೆ, ಆಮೇಲೆ ಅಮೆರಿಕದ ಪತ್ರಕರ್ತರ ಕತೆಯನ್ನು ಹೇಳಿದೆವು. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಗಾದ್ರೆ ನಾವಿಬ್ಬರೇ ದಡ್ಡರಲ್ಲ ಅನ್ನಿ."

ಇಪ್ಪತ್ಮೂರು ಸಾವಿರ ನಮ್ಮ ಪುಸ್ತಕದ ಹಣದಿಂದ ಹೋಯಿತು. ಅಳಿಯ ತಿಂಗಳಿಗೆ ಒಂದು ಸಾವಿರದಂತೆ ಕೊಡುತ್ತಿದ್ದಾನೆ. ಬೇಡವೆಂದರೆ ಆಪಾ ಕೇಳುವುದಿಲ್ಲ. ಸಂಕಲನ ಒಂದೆರಡು ವರ್ಷ ತಡವಾಗಿ ಬರುತ್ತದೆ. ಅಷ್ಟರಲ್ಲಿ ಒಂದು ಕಥೆ ಹೆಚ್ಚಾದೀತು.

ಈ ಪೈಪೋಟಿಯನ್ನು ನಾವು ಶಪಿಸುವುದಿಲ್ಲ. ಮೊದಲ ಫೋಲ್ಡ್‌ಗೆ 2 ಲಕ್ಷ ಸಲ ಮಡಚುವ ಪರೀಕ್ಷೆ ಮಾಡಿದ ಕಂಪನಿ ಫೋಲ್ಡ್ 7ಕ್ಕೆ 5 ಲಕ್ಷ ಸಲದ ಪರೀಕ್ಷೆ ಮಾಡಿದೆ ಎಂದು ಹೇಳಿಕೊಂಡಿತು. ದಿನಕ್ಕೆ ನೂರು ಸಲ ಮಡಚಿದರೆ 2 ಲಕ್ಷಕ್ಕೆ ಸುಮಾರು ಐದೂವರೆ ವರ್ಷ ಬೇಕು. ಎದುರಾಳಿಗಳು ಇಲ್ಲದಿದ್ದರೆ ಅಷ್ಟು ಶ್ರಮ ಯಾರು ಪಡುತ್ತಿದ್ದರು? ನಮ್ಮ ತಕರಾರು ಬೇರೆ. ಎಷ್ಟು ತೆಳು, ಎಷ್ಟು ಹಗುರ, ಎಷ್ಟು ಸಲ ಮಡಚಬಹುದು ಎಂದು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಒಡೆದರೆ ಎಷ್ಟು ಹಣಕ್ಕೆ, ಎಷ್ಟು ದಿನದಲ್ಲಿ, ಯಾರ ಕೈಯಲ್ಲಿ ಸರಿಯಾಗುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ನಾವು ಕಾಣಲಿಲ್ಲ. ಆ ಒಂದು ವಿಷಯಕ್ಕೆ ಪೈಪೋಟಿಯೇ ಇಲ್ಲ.

ಮಾಡಲಾಗದ ಕೆಲಸವೇನಲ್ಲ ಅದು. ಸ್ಯಾಮ್‌ಸಂಗ್ 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತನ್ನ ಕೆಲವು ಮಡಚುವ ಫೋನುಗಳ ಬಿಡಿಭಾಗ ಮತ್ತು ಕೈಪಿಡಿಯನ್ನು ಸಾಮಾನ್ಯರಿಗೇ ಕೊಡಲು ಮುಂದಾಯಿತು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗಬೇಕು. ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬ ದರ್ಜೆಯನ್ನು ಚೀಟಿಯಲ್ಲಿ ಅಚ್ಚು ಹಾಕಬೇಕು. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ಫೋನು ಮತ್ತಿತರ ಸಾಮಾನುಗಳಿಗೆ ಇಂಥದೇ ದರ್ಜೆ ಕೊಡುವ ಬಗ್ಗೆ ಅದು ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅತ್ತ ಫೋಲ್ಡ್ 7 ತಯಾರಾಗುವುದು ನಮ್ಮದೇ ದೇಶದ ನೋಯ್ಡಾದಲ್ಲಿ. ಇಲ್ಲಿ ಮಾಡಬಹುದಾದರೆ ಇಲ್ಲಿ ಸರಿಮಾಡುವುದನ್ನೂ ಕಲಿಸಬಹುದು. ನಮ್ಮ ಹುಡುಗ ದಡ್ಡನಲ್ಲ. ತೋರಿಸಿಕೊಡುವವರು ಬೇಕು.

ಅವನು ಈಗ ಅಂಗಡಿಯ ಗಾಜಿಗೆ ಒಂದು ಚೀಟಿ ಅಂಟಿಸಿದ್ದಾನೆ. ಮಡಚುವ ಫೋನು ತಂದವರಿಗೆ ಕೇಳುವ ಪ್ರಶ್ನೆಗಳು, ಕನ್ನಡದಲ್ಲೂ ಉರ್ದುವಿನಲ್ಲೂ. ಉರ್ದು ಬರೆದುಕೊಟ್ಟವರು ನಾವು. ಮೊದಲ ಪ್ರಶ್ನೆ, 'ಮೇಲಿನ ಹಾಳೆಯನ್ನು ನೀವು ಎಳೆದಿದ್ದೀರಾ?'

ಮೂರು ವಾರದ ಮೇಲೆ ಗೌಡರ ಫೋನು ಹೊಸ ಪರದೆಯೊಂದಿಗೆ ಬಂತು. ಆಮೇಲೆ ಒಂದು ಸಂಜೆ ಆ ದಾರಿಯಲ್ಲಿ ಹೋಗುವಾಗ ಅವರೇ ಕರೆದರು. ಗಲ್ಲಾಪೆಟ್ಟಿಗೆಗೆ ಒರಗಿಸಿ ಫೋನನ್ನು ಬಿಚ್ಚಿ ಇಟ್ಟಿದ್ದರು. ಕುರ್‌ಆನ್ ಇಡಲು ನಮ್ಮ ಮನೆಯಲ್ಲಿರುವ ಮರದ ರೆಹಲ್ ನೆನಪಾಯಿತು. ಒಂದೇ ಹಲಗೆಯಲ್ಲಿ ಸೀಳಿ ಮಾಡಿದ್ದು, ಮೊಳೆಯಿಲ್ಲ, ತಿರುಪಿಲ್ಲ. ಅಜ್ಜನ ಕಾಲದಿಂದ ಮಡಚುತ್ತ ಬಿಚ್ಚುತ್ತ ಇದ್ದೇವೆ.

"ನಿಮ್ಮ ಕಥೆ ಯಾವುದಾದ್ರೂ ಇದರಲ್ಲಿ ಬರುತ್ತಾ ನೋಡಿ ಸಾಬ್ರೇ" ಎಂದರು.

ಹಳೆಯ ಕಥೆಯೊಂದು ಸಿಕ್ಕಿತು. ನಮಗೂ ಚಾಳೀಸು ಬಂದು ಎರಡು ವರ್ಷವಾಯಿತು. ಸಾಮಾನ್ಯ ಫೋನಿನಲ್ಲಿ ಕನ್ನಡದ ಒತ್ತಕ್ಷರಗಳು ಇರುವೆಯಂತೆ ಕಾಣುತ್ತವೆ, ಉರ್ದುವಿನ ನುಕ್ತೆಗಳಂತೂ ಕಾಣುವುದೇ ಇಲ್ಲ. ಇದರಲ್ಲಿ ಕನ್ನಡಕವಿಲ್ಲದೆ ಓದಿದೆವು. ಉರ್ದು ಪತ್ರಿಕೆಯ ಪುಟವೊಂದನ್ನೂ ತೆರೆದು ಓದಿದೆವು. ದೀಪದ ಬೆಳಕು ಓರೆಯಾಗಿ ಬಿದ್ದಾಗ ನಡುವಿನ ಗೆರೆ ಕಂಡಿತು. ಓದಲು ಅದೇನೂ ಅಡ್ಡಿಯಾಗಲಿಲ್ಲ.

ಓದಿ ಮುಗಿಸಿ ಮಡಚಿ ಕೊಡಲು ಹೋದೆವು. ಗೌಡರು ಕೈ ಹಿಡಿದರು.

"ಬೇಡ ಬಿಡಿ ಸಾಬ್ರೇ. ನಾನು ಮಡಚೋದೇ ನಿಲ್ಲಿಸಿದ್ದೀನಿ."